ಹನ್ನೊಂದು ಡಬ್ಬ ತುಪ್ಪ ಎಲ್ಲಿ ಹೋಯಿತು?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: “ಸೂಪರ್ ಮಾರ್ಕೆಟ್‌ನಲ್ಲಿ 6 ವರ್ಷ ಕ್ಯಾಷಿಯರ್ ಆಗಿದ್ದೆ. ಮೂರು ತಿಂಗಳ ಹಿಂದೆ ಲಾಸ್ ಪ್ರಿವೆನ್ಷನ್ (ಕಳವು, ನಷ್ಟ ತಡೆಯುವ ಕೆಲಸ) ಇನ್‌ಚಾರ್ಜ್ ಮಾಡಿದರು. ಈ ಸಲದ ಸ್ಟಾಕ್ ಟೇಕಿಂಗ್‌ನಲ್ಲಿ 11 ಡಬ್ಬ ತುಪ್ಪವೂ ಸೇರಿ ಸುಮಾರು 40,000 ರೂಪಾಯಿ ಮಾಲು ಕಡಿಮೆ ಬಂದಿದೆ. 22 ಜನರ ಸಂಬಳದಲ್ಲಿ ಸಮನಾಗಿ ಹಿಡಿಯಿರಿ, ಹುಡುಗಿಯರ ಬ್ಯಾಗ್ ದಿನಾ ನೋಡಿ ಎನ್ನುತ್ತಾರೆ ಮ್ಯಾನೇಜರ್. 28ಕ್ಕೆ ಸಂಬಳದ ಪಟ್ಟಿ ಹೋಗುತ್ತದೆ. ಜೊತೆಗೆ ಊಟಕ್ಕೆ ಕೂರುತ್ತಿದ್ದವರು ಈಗ ನಾನು ಬಂದರೆ ಮಾತು ನಿಲ್ಲಿಸುತ್ತಾರೆ. ಏನು ಮಾಡಲಿ? ಈ ಕೆಲಸದಲ್ಲಿ ಮೇಲೆ ಬರಲು ಯಾವ ಕೋರ್ಸ್ ಮಾಡಬೇಕು?”

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮ್ಯಾನೇಜರ್ ಇದ್ದಾರೆ, ಹುಡುಗಿಯರ ಬ್ಯಾಗಿದೆ, ಊಟದ ಹೊತ್ತಿನ ಮೌನವಿದೆ. ತುಪ್ಪದ ಇನ್ವಾಯ್ಸ್ ಮಾತ್ರ ಎಲ್ಲೂ ಇಲ್ಲ. ಆ 11 ಡಬ್ಬ ನಿಮ್ಮ ಅಂಗಡಿಯ ಬಾಗಿಲೊಳಗೆ ಬಂದದ್ದಾದರೂ ನಿಜವೇ?

ಹೀಗೆ ಕೇಳಲು ಕಾರಣವಿದೆ. ಪತ್ರಿಕೆಗೆ ಬರುವ ಮೊದಲು ಎರಡು ವರ್ಷ ದೊಡ್ಡದೊಂದು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಒಮ್ಮೆ ಸೋಪಿನ ಒಂದು ಬಾಕ್ಸ್ ಕಡಿಮೆ ಬಂತು. ಗೋಡೌನ್ ಹುಡುಗನ ಮೇಲೆ ಅನುಮಾನ. ಯಜಮಾನರು ಎಲ್ಲರ ಎದುರಿಗೆ ಅವನ ಚೀಲ ಬಿಚ್ಚಿಸಿದರು, ಬುತ್ತಿಯ ಗಂಟನ್ನೂ ಬಿಡಲಿಲ್ಲ. ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ. ಮರುದಿನದಿಂದ ಹುಡುಗ ಬರಲಿಲ್ಲ. ಮುಂದಿನ ವಾರ ಮಾಲು ಇಳಿಸಲು ಬಂದ ಡ್ರೈವರ್, “ಹೋದ ಸಲದ ಒಂದು ಬಾಕ್ಸ್ ನಮ್ಮ ಗಾಡಿಯಲ್ಲೇ ಉಳಿದಿತ್ತು ನೋಡಿ” ಎಂದು ಇಳಿಸಿ ಹೋದ. ಆ ಮಾಲನ್ನು ಎಣಿಸದೆ ಸಹಿ ಹಾಕಿ ಇಳಿಸಿಕೊಂಡವನು ನಾನೇ. ಯಜಮಾನರಾಗಲಿ ನಾನಾಗಲಿ ಆ ಮಾತು ಮತ್ತೆ ಎತ್ತಲಿಲ್ಲ.

ಹಾಗಾಗಿ ತುಪ್ಪದಿಂದಲೇ ಶುರು ಮಾಡಿ. ಇನ್ವಾಯ್ಸ್ ಮತ್ತು ಮಾಲು ಇಳಿಸಿಕೊಂಡಾಗ ಎಷ್ಟು ಬಂತೆಂದು ಬರೆದ ಚೀಟಿ, ಅಂದರೆ ಜಿಆರ್‌ಎನ್ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಆ ದಿನ ನಿಂತು ಎಣಿಸಿದವರು ಯಾರು, ಬಾಕ್ಸ್ ಎಣಿಸಿದರೋ ಡಬ್ಬ ಎಣಿಸಿದರೋ ಕೇಳಿ. ಅರ್ಧ ಲೀಟರಿನದು, ಒಂದು ಲೀಟರಿನದು ಎರಡೂ ಒಂದೇ ಕೋಡ್‌ನಲ್ಲಿ ಬಿಲ್ ಆಗಿವೆಯೇ? ಹಾಗಾಗಿದ್ದರೆ ಒಂದರಲ್ಲಿ 11 ಕಡಿಮೆ ಬಂದಂತೆ ಇನ್ನೊಂದರಲ್ಲಿ 11 ಹೆಚ್ಚು ಬಂದಿರುತ್ತದೆ. ಆದರೆ ಹೆಚ್ಚು ಬಂದದ್ದರ ಬಗ್ಗೆ ಯಾರೂ ಪತ್ರ ಬರೆಯುವುದಿಲ್ಲ! ಸೋರಿದ ಡಬ್ಬಗಳನ್ನು ಡ್ಯಾಮೇಜ್ ಪುಸ್ತಕದಲ್ಲಿ ಬರೆದಿದ್ದಾರೋ, ಸುಮ್ಮನೆ ಹಿಂದಕ್ಕೆ ಎತ್ತಿಟ್ಟಿದ್ದಾರೋ? ಹಬ್ಬದ ಆಫರ್‌ನಲ್ಲಿ ಫ್ರೀ ಕೊಟ್ಟದ್ದು ಬಿಲ್ಲಿಗೆ ಬಂದಿದೆಯೋ? ಉಳಿದ ನಷ್ಟದಲ್ಲಿ ಬೆಲ್ಲ, ಈರುಳ್ಳಿಯಂಥ ಬಿಡಿ ಮಾಲು ಎಷ್ಟು? ಮೂಟೆ ಒಡೆದ ಈರುಳ್ಳಿ ದಿನದಿನಕ್ಕೂ ಒಣಗಿ ತೂಕ ಇಳಿಯುತ್ತದೆ. ಅದಕ್ಕೆ ಯಾವ ಹುಡುಗಿಯ ಬ್ಯಾಗೂ ಬೇಕಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಕಳವು ಇರಬಹುದು. ಇಲ್ಲವೆನ್ನುವಷ್ಟು ಮುಗ್ಧ ನಾನಲ್ಲ. ಬಿಲ್ ಮಾಡಿ ದುಡ್ಡು ತೆಗೆದುಕೊಂಡ ಮೇಲೆ ಕ್ಯಾನ್ಸಲ್ ಮಾಡುವುದು, ಪರಿಚಯದವರ ನಾಲ್ಕು ಸಾಮಾನಿನಲ್ಲಿ ಮೂರನ್ನು ಮಾತ್ರ ಸ್ಕ್ಯಾನ್ ಮಾಡುವುದು, ಇವೆಲ್ಲ 6 ವರ್ಷ ಕೌಂಟರಿನಲ್ಲಿ ಕೂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಹುಶಃ ನಿಮ್ಮನ್ನು ಈ ಕುರ್ಚಿಯಲ್ಲಿ ಕೂರಿಸಿದ್ದೂ ಅದಕ್ಕೇ. ಹಾಗಿದ್ದರೆ ಒಬ್ಬ ಕ್ಯಾಷಿಯರ್‌ನ ಮೇಲೆ ಕಣ್ಣಿಡುವ ಬದಲು ಎಲ್ಲ ಕೌಂಟರುಗಳ ಕ್ಯಾನ್ಸಲ್ ಬಿಲ್ಲುಗಳನ್ನೂ ತೆಗೆಸಿ. ನೀವು ಕೂರುತ್ತಿದ್ದ ಕೌಂಟರಿನದನ್ನೂ ಸೇರಿಸಿ.

ಲೆಕ್ಕ ಕಡಿಮೆ ಬಂತು, ಆದ್ದರಿಂದ ಎದುರಿಗಿರುವವನು ಕಳ್ಳ ಎಂಬ ತೀರ್ಮಾನ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆಯಷ್ಟು ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನ ಊರೂರಿನ ಅಂಚೆ ಕೌಂಟರುಗಳಿಗೆ 1999ರಿಂದ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂತು. ತಯಾರಿಸಿದ್ದು ಫುಜಿತ್ಸು. ಅದರ ದೋಷದಿಂದ ಕಂಪ್ಯೂಟರಿನ ಲೆಕ್ಕಕ್ಕೂ ಗಲ್ಲದಲ್ಲಿದ್ದ ದುಡ್ಡಿಗೂ ತಾಳೆಯಾಗುತ್ತಿರಲಿಲ್ಲ. ಕೊರತೆ ಬಿದ್ದದ್ದನ್ನು ಕೌಂಟರ್ ನಡೆಸುವವರೇ ತುಂಬಬೇಕಿತ್ತು. “ಬೇರೆ ಯಾರಿಗೂ ಹೀಗಾಗಿಲ್ಲ, ನಿಮಗೊಬ್ಬರಿಗೇ” ಎಂಬ ಉತ್ತರ ಕೇಳಿದವರು ಒಬ್ಬಿಬ್ಬರಲ್ಲ. 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಭಾರತ ಮೂಲದ ಸೀಮಾ ಮಿಶ್ರಾ 2010ರಲ್ಲಿ ಜೈಲಿಗೆ ಹೋದಾಗ ಗರ್ಭಿಣಿ. ಅಲನ್ ಬೇಟ್ಸ್ ಎಂಬವರ ಮುಂದಾಳತ್ವದಲ್ಲಿ 555 ಜನ ಸೇರಿ ಹೂಡಿದ ದಾವೆಯಲ್ಲಿ ಸಾಫ್ಟ್‌ವೇರಿನ ಹುಳುಕು 2019ರಲ್ಲಿ ತೀರ್ಪಾಗಿ ಹೊರಬಂತು. ಮಿಶ್ರಾ ಅವರ ಶಿಕ್ಷೆ ರದ್ದಾಗಲು 2021 ಬರಬೇಕಾಯಿತು. ಆ ಸಂಸ್ಥೆಗೆ ತನಿಖೆಗಾರರ ಕೊರತೆ ಇರಲಿಲ್ಲ, ತನ್ನದೇ ದೊಡ್ಡ ಪಡೆ ಇತ್ತು. ಯಂತ್ರ ತಪ್ಪಿರಬಹುದೇ ಎಂದು ಕೇಳಬೇಕಾದವರು ಕೇಳಲಿಲ್ಲ, ಅಷ್ಟೆ.

ಸಂಬಳದ ವಿಷಯ. ತಲೆಗೆ 1,800 ಚಿಲ್ಲರೆ ಬೀಳುತ್ತದೆ. ಇದು ನ್ಯಾಯವಲ್ಲ ಎನ್ನುವುದು ಒಂದು ಕಡೆ, ಕಾನೂನೂ ಒಪ್ಪುವುದಿಲ್ಲ. ನಷ್ಟಕ್ಕೆಂದು ಸಂಬಳ ಹಿಡಿಯಬೇಕಾದರೆ ಆ ಮಾಲನ್ನು ಆ ನೌಕರನ ವಶಕ್ಕೆ ಒಪ್ಪಿಸಿರಬೇಕು, ನಷ್ಟ ನೇರವಾಗಿ ಅವನ ತಪ್ಪಿನಿಂದಲೇ ಆಗಿರಬೇಕು, ಹಿಡಿಯುವ ಮೊದಲು ಅವನ ಮಾತು ಕೇಳಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ತತ್ವವನ್ನು 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. 22 ಜನಕ್ಕೆ ಹಂಚಿದರೆ ಇದರಲ್ಲಿ ಒಂದೂ ನಿಲ್ಲುವುದಿಲ್ಲ. ಮ್ಯಾನೇಜರಿಗೆ ಬಾಯಲ್ಲಿ ಹೇಳಬೇಡಿ, ಮೇಲ್ ಮಾಡಿ. ಭಾಷೆ ಮೆತ್ತಗಿರಲಿ: “ಹೀಗೆ ಹಿಡಿದರೆ ನಾಳೆ ಕಂಪನಿಗೆ ತೊಂದರೆಯಾಗಬಹುದು, ಕಾರಣ ಹುಡುಕಲು ಹತ್ತು ದಿನ ಕೊಡಿ ಸರ್.”

ಬ್ಯಾಗ್ ನೋಡುವುದೇ ತಪ್ಪೆಂದು ನಾನು ಹೇಳಲಾರೆ. ಹುಡುಗಿಯರದು ಮಾತ್ರ ನೋಡುವುದು ತಪ್ಪು. ನಿಯಮ ಬರೆದು ಗೋಡೆಗೆ ಹಾಕಿ, ಹೆಂಗಸರದ್ದನ್ನು ಹೆಂಗಸರೇ ನೋಡಲಿ, ಸಂಜೆ ಮೊದಲು ತೆರೆಯುವುದು ನಿಮ್ಮ ಬ್ಯಾಗ್ ಆಗಲಿ, ಎರಡನೆಯದು ಮ್ಯಾನೇಜರದು. ಅವರು ಒಪ್ಪದಿದ್ದರೆ ಈ ನಿಯಮ ಯಾರಿಗಾಗಿ ಎಂಬುದು ನಿಮಗೂ ಗೊತ್ತಾಗುತ್ತದೆ, 22 ಜನಕ್ಕೂ ಗೊತ್ತಾಗುತ್ತದೆ.

ನೀವು ಕೇಳಿಲ್ಲ, ಆದರೂ ಒಂದು ಮಾತು. ನಾಳೆ ಗಿರಾಕಿಯೊಬ್ಬ ಚಾಕೊಲೇಟ್ ಜೇಬಿಗಿಳಿಸಿದ್ದು ಕಂಡರೆ ಗೋಡೌನ್‌ನಲ್ಲಿ ಕೂಡಿಹಾಕಿ, ಕ್ಷಮಾಪಣೆ ಬರೆಸಿ, ಫೋಟೊ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವ ಚಪಲ ಬೇಡ. ಸಾಮಾನ್ಯ ಪ್ರಜೆ ಒಬ್ಬನನ್ನು ಹಿಡಿಯಲು ಕಾನೂನು ಕೊಟ್ಟಿರುವ ಅವಕಾಶ ಬಹಳ ಕಿರಿದು. ಹಿಡಿದರೂ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅಕ್ರಮವಾಗಿ ಕೂಡಿಹಾಕಿದರೆ ಒಂದು ವರ್ಷದವರೆಗೆ ಜೈಲು ನಿಮಗೇ ಆಗಬಹುದು. 5,000 ರೂಪಾಯಿಗಿಂತ ಕಡಿಮೆ ಮಾಲಿನ ಮೊದಲ ಕಳವಿಗೆ, ಮಾಲು ಮರಳಿಸಿದರೆ, ಭಾರತೀಯ ನ್ಯಾಯ ಸಂಹಿತೆಯೇ ಸಮುದಾಯ ಸೇವೆಯ ಶಿಕ್ಷೆ ಸಾಕೆಂದಿದೆ.

ಕೋರ್ಸ್ ಕೇಳಿದ್ದೀರಿ. ರಿಟೇಲ್ ಕೆಲಸಗಳಿಗೆ ತರಬೇತಿ ಮಟ್ಟ ನಿಗದಿ ಮಾಡುವ ರಾಸ್ಕಿ ಎಂಬ ಕೌಶಲ ಮಂಡಳಿ ನಮ್ಮಲ್ಲೇ ಇದೆ. ಅಮೆರಿಕದ ಲಾಸ್ ಪ್ರಿವೆನ್ಷನ್ ಫೌಂಡೇಷನ್ ಹೊಸಬರಿಗೆ ಎಲ್‌ಪಿಕ್ಯೂ, ಪಳಗಿದವರಿಗೆ ಎಲ್‌ಪಿಸಿ ಎಂಬ ಸರ್ಟಿಫಿಕೇಟ್ ಕೊಡುತ್ತದೆ. ಫೀಸು ಡಾಲರಿನಲ್ಲಿ, ಪಾಠ ಇಂಗ್ಲಿಷಿನಲ್ಲಿ. ಸದ್ಯಕ್ಕೆ ಎಕ್ಸೆಲ್ ಚೆನ್ನಾಗಿ ಕಲಿಯಿರಿ, ಒಂದು ತಿಂಗಳು ಬೆಳಗ್ಗೆ ಗಾಡಿ ಬರುವ ಹೊತ್ತಿಗೆ ಗೋಡೌನ್ ಬಾಗಿಲಲ್ಲಿ ನಿಲ್ಲಿ.

ಊಟದ ಜೊತೆಗಾರರು ಇಷ್ಟು ಬೇಗ ವಾಪಸು ಬರುತ್ತಾರೆಂದು ನಾನು ಮಾತು ಕೊಡಲಾರೆ. 28ಕ್ಕೆ ಇನ್ನೂ ದಿನಗಳಿವೆ. ಜಿಆರ್‌ಎನ್ ಫೈಲ್ ಇವತ್ತೇ ತೆಗೆಸಿ.

— ಸಂಪಾದಕ