ಸೈಕಲ್ ಸಂಶಯ: ಎಟ್ನಾವನ್ನು ಏರಬೇಡಿ, ಸುತ್ತಿ

ಸಿಸಿಲಿ ದ್ವೀಪದ ಎಟ್ನಾ ಅಗ್ನಿಪರ್ವತದ ಮಣ್ಣುದಾರಿಗಳ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಸಿಸಿಲಿಗೆ ಹೋಗುತ್ತಿದ್ದೇನೆ. ಗ್ರಾವೆಲ್ ಸೈಕಲ್ಲಿನಲ್ಲಿ (ಮಣ್ಣುದಾರಿಗೆಂದೇ ಮಾಡಿದ ದಪ್ಪ ಟೈರಿನ ಸೈಕಲ್) ಎಟ್ನಾದ ಜ್ವಾಲಾಮುಖಿಯ ಬಾಯಿಯವರೆಗೂ ಹೋಗಬಹುದೇ?

ಉತ್ತರ: ಆಗುವುದಿಲ್ಲ. ನಿಕೊಲೊಸಿ ಊರಿನಿಂದ ರಿಫುಜಿಯೊ ಸಪಿಯೆಂಝಾ ಎಂಬ ಪರ್ವತ ತಂಗುದಾಣದವರೆಗೆ, ಅಂದರೆ ಸುಮಾರು 700 ಮೀಟರ್ ಎತ್ತರದಿಂದ 1,910 ಮೀಟರ್‌ವರೆಗೆ, ಒಳ್ಳೆಯ ಟಾರು ರಸ್ತೆಯಿದೆ. ಅಲ್ಲಿಂದ ಮೇಲೆ ಜೀಪುಗಳು ಉತ್ತು ಹಾಕಿದ ಕಪ್ಪು ಮರಳು. ಅದರಲ್ಲಿ ಸೈಕಲ್ ನಿಮ್ಮನ್ನು ಹೊರುವುದಿಲ್ಲ, ನೀವೇ ಅದನ್ನು ತಳ್ಳಬೇಕು. ಶಿಖರದ ವಲಯಕ್ಕೆ ಬಿಡುವುದೂ ಬಿಡದಿರುವುದೂ ಆಯಾ ಹೊತ್ತಿನ ಆದೇಶಕ್ಕೆ ಬಿಟ್ಟದ್ದು. ಬಿಟ್ಟರೂ ಮಾರ್ಗದರ್ಶಿಯ ಜೊತೆ, ಕಾಲ್ನಡಿಗೆಯಲ್ಲಿ. ಇನ್ನು ಶಿಖರ ಮುಟ್ಟಿದೆ ಎಂದು ಹೇಳಿಕೊಳ್ಳುವ ಆಸೆಯಿದ್ದರೆ ಕೇಳಿ: ಆ ಶಿಖರವೇ ಒಂದು ಕಡೆ ನಿಲ್ಲುವುದಿಲ್ಲ. 2021ರಲ್ಲಿ ಆಗ್ನೇಯ ಕುಂಡ (ಜ್ವಾಲಾಮುಖಿಯ ಬಾಯಿಗಳಲ್ಲೊಂದು) 3,357 ಮೀಟರಿಗೆ ಬೆಳೆದು ಅತಿ ಎತ್ತರದ ತುದಿಯಾಯಿತು. 2024ರ ಬೇಸಿಗೆಯಲ್ಲಿ ವೊರಾಜಿನೆ ಎಂಬ ಇನ್ನೊಂದು ಕುಂಡ ಅದನ್ನು ಹಿಂದೆ ಹಾಕಿತು.

ನೀವು ಹಿಡಿಯಬೇಕಾದ ದಾರಿಯ ಹೆಸರು ಪಿಸ್ತಾ ಆಲ್ತೊಮೊಂತಾನಾ. ಇದು ಅರಣ್ಯದ ಮಣ್ಣುರಸ್ತೆ. ಪರ್ವತದ ದಕ್ಷಿಣದಿಂದ ಹೊರಟು ಪಶ್ಚಿಮದ ಮಗ್ಗುಲನ್ನು ಬಳಸಿ ಈಶಾನ್ಯಕ್ಕೆ ಬರುತ್ತದೆ. ಉದ್ದ 35 ಕಿಲೋಮೀಟರಿನ ಆಸುಪಾಸು. ಬಹುಪಾಲು 1,400 ಮತ್ತು 1,900 ಮೀಟರ್ ಎತ್ತರದ ನಡುವೆ ಏರುತ್ತ ಇಳಿಯುತ್ತ ಸಾಗುತ್ತದೆ. ಖಾಸಗಿ ಮೋಟಾರು ವಾಹನಕ್ಕೆ ಪ್ರವೇಶವಿಲ್ಲ. ದಕ್ಷಿಣದ ಗೇಟು ಸೆರ್ರಾ ಲಾ ನಾವೆಯ ಖಗೋಳ ವೀಕ್ಷಣಾಲಯದಿಂದ ದೂರವಿಲ್ಲ; 2018ರ ಜಿರೊ ದಿತಾಲಿಯಾ ಎಂಬ ಇಟಲಿಯ ಸೈಕಲ್ ಸ್ಪರ್ಧೆಯ ಒಂದು ಹಂತ ಈ ವೀಕ್ಷಣಾಲಯದ ಹತ್ತಿರವೇ ಮುಗಿದಿತ್ತು. ಸ್ಪರ್ಧೆಯವರು ಉಸಿರುಬಿಟ್ಟು ನಿಂತ ಕಡೆ ನಮ್ಮ ಸವಾರಿ ಶುರುವಾಗುತ್ತದೆ ಎಂಬುದು ನನಗೆ ಸಣ್ಣ ಖುಷಿ.

ದಕ್ಷಿಣದಿಂದಲೇ ಹೊರಡಿ. ಆಗ ಪರ್ವತ ಉದ್ದಕ್ಕೂ ಬಲಗೈಗೆ ಸಿಗುತ್ತದೆ, ದೇವಸ್ಥಾನದ ಪ್ರದಕ್ಷಿಣೆಯಂತೆ. ಭಕ್ತಿಗಿಂತ ಲೆಕ್ಕಾಚಾರ ಮುಖ್ಯ ಎನ್ನುವವರಿಗೂ ಇದೇ ಸರಿ: ಹೊರಡುವ ಗೇಟು 1,700 ಮೀಟರಿನ ಹತ್ತಿರ, ಮುಗಿಯುವ ರಗಾಬೊ ಪೈನ್ ಕಾಡು 1,400ರ ಹತ್ತಿರ.

ದಾರಿಯ ಗಮ್ಮತ್ತು ಇರುವುದು ನೆಲದಲ್ಲಿ. ಒಂದು ತಿರುವಿನವರೆಗೆ ಲಾರಿಚಿಯೊ ಪೈನ್ ಮರಗಳ ನೆರಳು, ಚಕ್ರದ ಕೆಳಗೆ ಸೂಜಿ ಎಲೆಗಳ ಮೆತ್ತೆ. ತಿರುವು ದಾಟಿದರೆ ಮರವೇ ಇಲ್ಲ. ಎರಡೂ ಬದಿಗೆ ಸುಟ್ಟ ಕಲ್ಲಿನ ರಾಶಿ. ಇಂಥ ಬಯಲಿಗೆ ಅಲ್ಲಿನವರು ಶ್ಯಾರಾ ಎನ್ನುತ್ತಾರೆ. ಕಲ್ಲಿನ ಬಣ್ಣ ನೋಡಿ ಅದರ ವಯಸ್ಸನ್ನು ಅಂದಾಜು ಮಾಡಬಹುದು: ಇತ್ತೀಚಿನ ಲಾವಾ ಕಡುಕಪ್ಪು, ಹಳೆಯದರ ಮೇಲೆ ಬೂದುಬಣ್ಣದ ಕಲ್ಲುಹೂವು ಹಬ್ಬಿ ದೂರಕ್ಕೆ ಬೆಳ್ಳಿಯ ಲೇಪ ಕೊಟ್ಟಂತೆ ಕಾಣುತ್ತದೆ. ಪಶ್ಚಿಮದಲ್ಲಿ ಮೊಂತಿ ಡೆ ಫಿಯೊರೆ ಎಂಬ ಕಿರುಗುಡ್ಡಗಳಿವೆ, 1974ರಲ್ಲಿ ಹುಟ್ಟಿದವು. ಈ ಅಂಕಣದ ಅನೇಕ ಓದುಗರು ಆ ಗುಡ್ಡಗಳಿಗಿಂತ ಹಿರಿಯರು. ಉತ್ತರಕ್ಕೆ ಬಂದರೆ 1614ರಿಂದ 1624ರವರೆಗೆ, ಹತ್ತು ವರ್ಷ ಬಿಡದೆ ಹರಿದ ಲಾವಾ ಸಿಗುತ್ತದೆ. ಅದು ಚೂರುಚೂರಾಗಿಲ್ಲ, ಹೊಸೆದ ಹಗ್ಗಗಳನ್ನು ಒತ್ತಾಗಿ ಮಡಿಸಿಟ್ಟ ಆಕಾರದಲ್ಲಿ ಹೆಪ್ಪುಗಟ್ಟಿದೆ. ಅದರ ಹೊಟ್ಟೆಯೊಳಗೆ ಗವಿಗಳಿವೆ. ಗ್ರೊತ್ತಾ ದೇಯ್ ಲಂಪೋನಿ ದಾರಿಗೆ ಸಮೀಪದ್ದು. ಟಾರ್ಚಿಲ್ಲದೆ ಒಳಗೆ ಹೋಗಬೇಡಿ, ಹೆಲ್ಮೆಟ್ ತೆಗೆಯಬೇಡಿ.

ಅಕ್ಟೋಬರ್ ಒಳ್ಳೆಯ ಆಯ್ಕೆ. ಮೊದಲ ಮಳೆ ಬಿದ್ದ ಮೇಲೆ ಮರಳು ಬಿಗಿಯಾಗಿ ಕೂರುತ್ತದೆ. ಆಗಸ್ಟ್‌ನ ಒಣಮರಳಿನಲ್ಲಿ ಚಕ್ರ ಹೂತು, ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ. ಚಳಿಗಾಲದಲ್ಲಿ ಈ ದಾರಿಯ ಮೇಲೆ ಹಿಮ.

ಪ್ರಶ್ನೆ: ನನ್ನ ಸೈಕಲ್ಲಿಗೆ 35 ಮಿಲಿಮೀಟರ್ ಟೈರ್ ಇದೆ. ಸಾಕಲ್ಲವೇ?

ಉತ್ತರ: ಅಂಗಡಿಯವರು ಸಾಕು ಎಂದಿರಬಹುದು, ನಾನು ಹೇಳುವುದಿಲ್ಲ. ನಿಮ್ಮ ಫೋರ್ಕಿನಲ್ಲಿ ಜಾಗವಿದ್ದರೆ 45, ಇನ್ನೂ ಜಾಗವಿದ್ದರೆ 50. ಟ್ಯೂಬ್‌ಲೆಸ್ ಆಗಿರಲಿ, ಗಾಳಿ ನಿಮ್ಮ ವಾಡಿಕೆಗಿಂತ ಕಡಿಮೆ ಇರಲಿ. ಇಲ್ಲಿ ಎರಡು ಶತ್ರುಗಳಿವೆ. ಒಂದು, ಲಾವಾದ ಅಂಚು: ಟೈರಿನ ಮೈಯನ್ನಲ್ಲ, ಪಕ್ಕೆಯನ್ನು ಸೀಳುತ್ತದೆ, ತೂತು ಮುಚ್ಚಲು ಟೈರಿನೊಳಗೆ ಹಾಕುವ ಸೀಲಂಟ್ ದ್ರವ ಅಲ್ಲಿ ಸೋಲುತ್ತದೆ. ಒಳಗಿನಿಂದ ಹಚ್ಚಲು ಗಟ್ಟಿ ತೇಪೆಯೊಂದು ಚೀಲದಲ್ಲಿರಲಿ. ಇನ್ನೊಂದು ಅಸ್ತ್ರಾಗಲಸ್ ಎಂಬ ಮುಳ್ಳುಪೊದೆ. ಕೂರಲು ಹೇಳಿ ಮಾಡಿಸಿದ ಹಸಿರು ದಿಂಬಿನಂತೆ ಕಾಣುತ್ತದೆ. ಕೂರಬೇಡಿ, ಸೈಕಲ್ಲನ್ನೂ ಅದಕ್ಕೆ ಒರಗಿಸಬೇಡಿ.

ಚೈನಿಗೆ ಎಣ್ಣೆ ಸುರಿಯುವ ಅಭ್ಯಾಸವನ್ನೂ ಬಿಡಿ. ಜ್ವಾಲಾಮುಖಿಯ ಬೂದಿ ಒಲೆಯ ಬೂದಿಯಲ್ಲ. ಅದು ಬಂಡೆ ಮತ್ತು ಗಾಜಿನ ಪುಡಿ. ಎಣ್ಣೆಯ ಜೊತೆ ಸೇರಿದರೆ ಸಾಣೆ ಹಿಡಿಯುವ ಮಸಿಯಾಗಿ ಹಲ್ಲುಚಕ್ರಗಳನ್ನು ತಿನ್ನುತ್ತದೆ. ಮೇಣ ಹಚ್ಚಿದ ಚೈನು ಹಾಕಿ. ಸಂಜೆ ಒಣಬಟ್ಟೆಯಿಂದ ಒರೆಸಿ.

ಪ್ರಶ್ನೆ: ಎಟ್ನಾ ಆಗಾಗ ಸಿಡಿಯುತ್ತಲೇ ಇರುತ್ತದೆ ಎಂದು ಓದಿದ್ದೇನೆ. ಸೈಕಲ್ ಹೊಡೆಯುವುದು ಅಪಾಯವಲ್ಲವೇ?

ಉತ್ತರ: ಶಿಖರದ ಸುತ್ತ ಖಂಡಿತ ಅಪಾಯ. 2025ರ ಜೂನ್ 2ರಂದು ಆಗ್ನೇಯ ಕುಂಡದ ಒಂದು ಪಕ್ಕ ಕುಸಿದು, ಬಿಸಿ ಅನಿಲ ಮತ್ತು ಕಲ್ಲುಗಳ ಮೋಡ ಇಳಿಜಾರಿನಲ್ಲಿ ನುಗ್ಗಿತು. ಪ್ರವಾಸಿಗರು ಓಡಿ ಇಳಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಆಲ್ತೊಮೊಂತಾನಾ ಶಿಖರದಿಂದ ಬಹಳ ಕೆಳಗಿದೆ. ಹಾಗೆಂದು ಪರ್ವತ ಕೆಳಗೆ ಕೈ ಹಾಕುವುದೇ ಇಲ್ಲ ಎಂದಲ್ಲ. 2002ರಲ್ಲಿ ಉತ್ತರದ ಬಿರುಕೊಂದು ಪಿಯಾನೊ ಪ್ರೊವೆಂಝಾನಾದ ಸ್ಕೀ ಕೇಂದ್ರವನ್ನು ಹೋಟೆಲುಗಳ ಸಮೇತ ನುಂಗಿತು. ಕತಾನಿಯಾದಲ್ಲಿರುವ ಎಟ್ನಾ ವೀಕ್ಷಣಾಲಯ ಪರ್ವತವನ್ನು ಹಗಲಿರುಳು ಕಾಯುತ್ತದೆ. ಹೊರಡುವ ದಿನ ಬೆಳಿಗ್ಗೆ ಅದರ ಪ್ರಕಟಣೆಯನ್ನೂ ಸ್ಥಳೀಯ ಪುರಸಭೆಯ ಆದೇಶವನ್ನೂ ನೋಡಿ.

ಸೈಕಲ್ ಸವಾರನಿಗೆ ನಿಜವಾದ ತೊಂದರೆ ಊರೊಳಗಿನ ಟಾರಿನ ಮೇಲೆ. ಬೂದಿ ಬಿದ್ದ ರಸ್ತೆಯಲ್ಲಿ ತಿರುವು ತೆಗೆದುಕೊಳ್ಳುವುದೆಂದರೆ ಚೆಲ್ಲಿದ ಸಾಸಿವೆಯ ಮೇಲೆ ಓಡಿದ ಹಾಗೆ. 2021ರಲ್ಲಿ ಒಂದರ ಹಿಂದೊಂದು ಸ್ಫೋಟಗಳಾದಾಗ ಅನೇಕ ಊರುಗಳ ಮೇಯರ್‌ಗಳು ದ್ವಿಚಕ್ರ ವಾಹನಗಳನ್ನೇ ನಿಷೇಧಿಸಿ, ಉಳಿದವಕ್ಕೆ ಗಂಟೆಗೆ 30 ಕಿಲೋಮೀಟರ್ ಮಿತಿ ಹಾಕಿದ್ದರು. ಬೂದಿ ಹೆಚ್ಚಾದರೆ ಕತಾನಿಯಾ ವಿಮಾನ ನಿಲ್ದಾಣವೂ ಮುಚ್ಚುತ್ತದೆ. ಮರಳುವ ವಿಮಾನಕ್ಕೂ ಸವಾರಿಗೂ ನಡುವೆ ಒಂದೆರಡು ದಿನ ಖಾಲಿ ಬಿಡಿ.

ಪ್ರಶ್ನೆ: ದಾರಿಯಲ್ಲಿ ನೀರು, ಊಟ, ತಂಗಲು ಜಾಗ?

ಉತ್ತರ: ನೀರಿಲ್ಲ. ಇಷ್ಟು ದೊಡ್ಡ ಕಾಡಿನಲ್ಲಿ ಒಂದು ತೊರೆಯೂ ಇಲ್ಲವೇ ಎಂದು ಹೊಸಬರು ಬೆರಗಾಗುತ್ತಾರೆ. ಲಾವಾದ ಮೈತುಂಬ ರಂಧ್ರ ಮತ್ತು ಬಿರುಕು. ಬಿದ್ದ ಮಳೆ, ಕರಗಿದ ಹಿಮ ಎಲ್ಲವೂ ನೇರ ಪಾತಾಳಕ್ಕೆ ಇಳಿದು, ಬುಡದ ಊರುಗಳ ಹತ್ತಿರ ಚಿಲುಮೆಯಾಗಿ ಹೊರಬರುತ್ತದೆ. ಮೂರು ಲೀಟರಿಗೆ ಕಡಿಮೆ ಬೇಡ. ಗಲ್ವರೀನಾ, ಮೊಂತೆ ಸ್ಕಾವೊ, ತಿಂಪರೊಸ್ಸಾ ಎಂಬ ಅರಣ್ಯದ ಕಲ್ಲಿನ ಮನೆಗಳು ದಾರಿಗುಂಟ ಸಿಗುತ್ತವೆ. ಮಳೆ ಬಂದರೆ ಒಳಗೆ ನಿಲ್ಲಬಹುದು, ರಾತ್ರಿಯನ್ನೂ ಕಳೆಯಬಹುದು. ಅಡುಗೆಯವನಾಗಲಿ ಹಾಸಿಗೆಯಾಗಲಿ ಇರುವುದಿಲ್ಲ. ಅಲ್ಲಿನ ತೊಟ್ಟಿಯ ನೀರನ್ನು ನಂಬಿಕೊಂಡು ಹೋಗಬೇಡಿ.

ಪ್ರಶ್ನೆ: ನಮ್ಮ ಯಜಮಾನರು ಸೈಕಲ್ ತುಳಿಯುವುದಿಲ್ಲ. ನಾನು ಮೇಲೆ ಸುತ್ತುವಾಗ ಅವರು ಏನು ಮಾಡಬೇಕು?

ಉತ್ತರ: ಅವರೂ ಸುತ್ತಲಿ, ಕುಳಿತುಕೊಂಡು. ಚಿರ್ಕುಮೆತ್ನೇಯಾ ಎಂಬ ಕಿರುಹಳಿಯ ರೈಲು 1890ರ ದಶಕದಿಂದ ಪರ್ವತದ ಬುಡದಲ್ಲಿ ಓಡುತ್ತಿದೆ. ನಿಮ್ಮಂತೆಯೇ ಪಶ್ಚಿಮವನ್ನು ಬಳಸಿಕೊಂಡು ಉತ್ತರಕ್ಕೆ ಬರುತ್ತದೆ. ಬ್ರೊಂತೆಯಲ್ಲಿ ಅವರು ಇಳಿದು ಪಿಸ್ತಾ ತೋಟಗಳನ್ನು ನೋಡಲಿ, ಲಾವಾದ ಸಂದಿಯಲ್ಲೇ ಮರಗಳು ಬೇರುಬಿಟ್ಟಿವೆ. ಕೊಯ್ಲು ಮಾತ್ರ ಎರಡು ವರ್ಷಕ್ಕೊಮ್ಮೆ, ಬೆಸಸಂಖ್ಯೆಯ ವರ್ಷಗಳಲ್ಲಿ, ಸೆಪ್ಟೆಂಬರ್ ಹೊತ್ತಿಗೆ. ನೀವು ರಗಾಬೊದಿಂದ ಟಾರು ರಸ್ತೆಯಲ್ಲಿ ಇಳಿದರೆ ಲಿಂಗ್ವಾಗ್ಲೊಸ್ಸಾ. ಅಲ್ಲಿ ಇದೇ ರೈಲಿನ ನಿಲ್ದಾಣವಿದೆ, ಅಲ್ಲೇ ಭೇಟಿಯಾಗಬಹುದು. ಸೈಕಲ್ಲಿನಲ್ಲೇ ಹೊರಟ ಜಾಗಕ್ಕೆ ಮರಳುತ್ತೇನೆ ಎಂದರೆ ಮಿಲೊ, ಜಾಫೆರಾನಾ ದಾಟಿ ಮತ್ತೆ 1,300 ಮೀಟರ್ ಏರಬೇಕು. ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ರೈಲು ಭಾನುವಾರ ಸಾಮಾನ್ಯವಾಗಿ ಓಡುವುದಿಲ್ಲ, ವೇಳಾಪಟ್ಟಿ ನೋಡಿಯೇ ದಿನ ಗೊತ್ತುಮಾಡಿ.