ಹನ್ನೊಂದನೇ ಪುಟದಿಂದ ಆರಂಭಿಸಿ

ನಮಸ್ಕಾರ.

‘ಕಂಪ್ಯೂಟರ್ ನುಡಿಯುವ ನೀರಿನ ಭವಿಷ್ಯ’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಹನ್ನೊಂದನೇ ಪುಟದಲ್ಲಿ ಏಳೆಂಟು ಸಾಲುಗಳಲ್ಲಿ ಹೇಳಿ ಮುಗಿಸಿದ ಸಂಗತಿಯೊಂದಿದೆಯಲ್ಲ, ಅದನ್ನು ನೀವು ಪೂರ್ತಿಯಾಗಿ ಬರೆದುಕೊಟ್ಟರೆ ಸಂತೋಷದಿಂದ ಪ್ರಕಟಿಸುತ್ತೇನೆ. ಈ ಪತ್ರ ಇಷ್ಟು ಉದ್ದವಾಗಿರುವುದು ಆ ಏಳೆಂಟು ಸಾಲುಗಳಿಗಾಗಿ.

ಅಲ್ಲಿ ನೀವು ಹೇಳಿರುವುದು ಇಷ್ಟು: ತುಂಗಭದ್ರಾ ಜಲಾಶಯದ ಒಳಹರಿವು, ಹೊರಹರಿವಿನ ಅಂಕಿಗಳನ್ನು ದಿನವೂ ಪತ್ರಿಕೆಯಿಂದ ಬರೆದಿಟ್ಟುಕೊಂಡಿರಿ, ಅದನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ, ಜಲಾಶಯದ ಏರಿಳಿತವನ್ನು ಲೆಕ್ಕದಲ್ಲಿ ಅನುಕರಿಸುವ ಒಂದು ಪುಟ್ಟ ಮಾದರಿ ಮಾಡಿದಿರಿ, 2024ರ ಆಗಸ್ಟ್‌ನಲ್ಲಿ ಗೇಟು ಕೊಚ್ಚಿಹೋದಾಗ, ಜಲಾಶಯ ಮತ್ತೆ ತುಂಬೀತೇ ಎಂದು ಅದರಲ್ಲಿ ಓಡಿಸಿ ನೋಡಿದಿರಿ. ಇಡೀ ಲೇಖನದಲ್ಲಿ ನಿಮ್ಮ ಕೈ ಕೆಸರಾಗಿರುವುದು ಅಲ್ಲಿ ಮಾತ್ರ. ಅದಕ್ಕೆ ಮುಂಚಿನ ಹತ್ತು ಪುಟಗಳಲ್ಲಿ ‘ನೀರು ಜೀವಜಲ’ ಎಂಬ ಪೀಠಿಕೆಯಿದೆ, ತಂತ್ರಾಂಶಗಳ ಗುಣಗಾನವಿದೆ, ಯಾವ ಗುಂಡಿ ಒತ್ತಿದರೆ ಯಾವ ನಕ್ಷೆ ಬರುತ್ತದೆ ಎಂಬ ವಿವರವಿದೆ. ಹತ್ತು ಪುಟಗಳಲ್ಲಿ ಒಂದು ಹೊಳೆಯಾಗಲಿ, ಒಂದು ಕೆರೆಯಾಗಲಿ ಹೆಸರಿನೊಂದಿಗೆ ಬರುವುದಿಲ್ಲ. ಎಲ್ಲವೂ ‘ಒಂದು ಜಲಮೂಲವನ್ನು ಊಹಿಸಿಕೊಳ್ಳಿ’. ಓದುಗರು ಏಕೆ ಊಹಿಸಿಕೊಳ್ಳಬೇಕು? ಹೊಸಪೇಟೆಯ ಹತ್ತಿರ ನಿಜವಾದದ್ದೇ ಇದೆಯಲ್ಲ.

ಸಂಗ್ರಹ ಮತ್ತು ಹರಿವು ಎಂಬ ಮೂಲ ಕಲ್ಪನೆಯನ್ನು ವಿವರಿಸಲು ನೀವು ಸ್ನಾನದ ತೊಟ್ಟಿಯ ಉದಾಹರಣೆ ಕೊಟ್ಟಿದ್ದೀರಿ. ಅದು ಅಮೆರಿಕದ ಪಠ್ಯಪುಸ್ತಕಗಳಿಂದ ಬಂದದ್ದು, ಅಲ್ಲಿನ ಮನೆಗಳಿಗೆ ಸರಿ. ನಮ್ಮ ಓದುಗರಿಗೆ ಆ ಪಾಠ ಆಗಲೇ ಆಗಿದೆ. ಮಳೆಗಾಲ ಬಂತೆಂದರೆ ನಮ್ಮ ಪತ್ರಿಕೆಗಳ ಮೂಲೆಯಲ್ಲಿ ‘ಜಲಾಶಯಗಳ ಮಟ್ಟ’ ಎಂಬ ಚೌಕವೊಂದು ಕಾಣಿಸಿಕೊಳ್ಳುತ್ತದೆ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು. ಮಂಡ್ಯದ ರೈತರಿಗೆ 124.80 ಅಡಿ ಎಂದರೆ ಕೆಆರ್‌ಎಸ್ ತುಂಬಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಡೈನಾಮಿಕ್ ಸಿಮ್ಯುಲೇಷನ್ನಿನ ಅಸ್ಥಿಪಂಜರ ಆ ಚೌಕದಲ್ಲೇ ಇದೆ. ಅದರಿಂದ ಶುರುಮಾಡಿ.

ಶುರುಮಾಡಿ ಒಂದು ಲೆಕ್ಕವನ್ನು ಓದುಗರ ಕಣ್ಣೆದುರಿಗೆ ಕೈಯಲ್ಲೇ ಮಾಡಿ ತೋರಿಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಕ್ಯುಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ನೀರು ಒಂದು ದಿನ ಹರಿದರೆ 86,400 ಘನ ಅಡಿ. ಅಂದರೆ 11,574 ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಈ ಒಂದು ಸಂಖ್ಯೆ ಓದುಗರ ಕೈಗೆ ಸಿಕ್ಕರೆ ಸಾಕು, ಪತ್ರಿಕೆಯ ಚೌಕ ಚಲಿಸತೊಡಗುತ್ತದೆ. ಬೆಳಿಗ್ಗೆ ಸಂಗ್ರಹ 60 ಟಿಎಂಸಿ ಇದೆ ಎನ್ನಿ. ಒಳಹರಿವು 50,000 ಕ್ಯುಸೆಕ್, ಹೊರಹರಿವು 4,000. ಉಳಿದ 46,000ವನ್ನು 11,574ರಿಂದ ಭಾಗಿಸಿದರೆ ಸುಮಾರು 4 ಟಿಎಂಸಿ. ನಾಳೆ 64, ನಾಡಿದ್ದು 68. ದಿನ ದಿನಕ್ಕೂ ನಿನ್ನೆಯ ಸಂಗ್ರಹದ ಮೇಲೆ ಇಂದಿನ ಹರಿವನ್ನು ಕೂಡಿ ಕಳೆದು ಮುಂದೆ ಸಾಗುವುದೇ ಸಿಮ್ಯುಲೇಷನ್. ನೀವು ಎರಡು ಪುಟಗಳ ವ್ಯಾಖ್ಯೆಯಲ್ಲಿ ಹೇಳಲು ಹೊರಟದ್ದೂ ಇದನ್ನೇ.

ಈಗ ಅದೇ ಲೆಕ್ಕಕ್ಕೆ ಹೂಳನ್ನು ಸೇರಿಸಿ. ತುಂಗಭದ್ರೆಯಲ್ಲಿ 1953ರಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. 2016ರ ಸರ್ವೆಯ ಪ್ರಕಾರ 105.788. ದಿನಕ್ಕೆ 4 ಟಿಎಂಸಿಯಂತೆ 60ರಿಂದ ಏರುತ್ತಾ ಹೋದರೆ ಹಳೆಯ ಜಲಾಶಯ ತುಂಬಲು ಹದಿನೆಂಟು ದಿನ ಬೇಕಾಗುತ್ತಿತ್ತು. ಇಂದಿನದು ಹನ್ನೆರಡು ದಿನಗಳೊಳಗೆ ತುಂಬುತ್ತದೆ. ಅದೇ ಮಳೆ, ಅದೇ ಹೊಳೆ, ಆದರೆ ಕ್ರಸ್ಟ್ ಗೇಟುಗಳನ್ನು ಸುಮಾರು ಒಂದು ವಾರ ಮೊದಲೇ ಎತ್ತಬೇಕಾಗುತ್ತದೆ. ಆ ವಾರದ ನೀರು ಕಾಲುವೆಗಲ್ಲ, ಹೊಳೆಗೆ ಹೋಗುತ್ತದೆ. ‘ಹೂಳಿನಿಂದ ಜಲಾಶಯಗಳ ದಕ್ಷತೆ ಕುಂಠಿತಗೊಳ್ಳುತ್ತಿದೆ’ ಎಂದು ನೀವು ಏಳನೇ ಪುಟದಲ್ಲಿ ಬರೆದಿರಿ. ಆ ವಾಕ್ಯವನ್ನು ಯಾರು ಬೇಕಾದರೂ ಬರೆಯಬಹುದು. ‘ಒಂದು ವಾರ’ ಎಂದು ಹೇಳಲು ಮಾದರಿ ಬೇಕು, ನಿಮ್ಮ ಬಳಿ ಅದು ಇದೆ.

ಹೂಳಿನ ವಿಷಯದಲ್ಲಿ ಇನ್ನೊಂದು ಮಾತು. 2008ರ ಸರ್ವೆ ಹೇಳಿದ ಸಾಮರ್ಥ್ಯ 100.855 ಟಿಎಂಸಿ. ಪತ್ರಿಕೆಗಳು ವರ್ಷಗಟ್ಟಲೆ 100.86 ಎಂದೇ ಅಚ್ಚುಹಾಕಿದವು. 2016ರ ಸರ್ವೆ ಅದಕ್ಕಿಂತ ಸುಮಾರು 5 ಟಿಎಂಸಿ ಹೆಚ್ಚು ತೋರಿಸಿತು. ಆ ಎಂಟು ವರ್ಷಗಳಲ್ಲಿ ಯಾರೂ 5 ಟಿಎಂಸಿ ಹೂಳನ್ನು ಎತ್ತಿ ಹಾಕಲಿಲ್ಲ; ಬದಲಾದದ್ದು ಅಳತೆ. ನಿಮ್ಮ ಲೇಖನ ಸಾಮರ್ಥ್ಯವನ್ನು ಕಲ್ಲಿನಲ್ಲಿ ಕೆತ್ತಿದ ಸಂಖ್ಯೆಯಂತೆ ಬಳಸುತ್ತದೆ. ಜಲಾಶಯ ಎಷ್ಟು ದೊಡ್ಡದು ಎಂಬ ಮೊದಲ ಪ್ರಶ್ನೆಗೇ ಎರಡು ಉತ್ತರಗಳಿವೆ ಎಂದು ಓದುಗರಿಗೆ ತಿಳಿಸಿ. ಎರಡನ್ನೂ ಹಾಕಿ ಓಡಿಸಿ, ಫಲಿತಾಂಶ ಎಷ್ಟು ಸರಿಯುತ್ತದೆ ಎಂದು ತೋರಿಸಿ. ಇದರಿಂದ ಮಾದರಿಯ ಮೇಲಿನ ನಂಬಿಕೆ ಕಡಿಮೆಯಾಗುತ್ತದೆ ಎಂಬ ಅಂಜಿಕೆ ನಿಮಗೆ ಬೇಡ.

ಆವಿಯನ್ನು ನೀವು ‘ನಗಣ್ಯ’ ಎಂದು ಬಿಟ್ಟಿದ್ದೀರಿ. ಅದು ತಪ್ಪು. ಜಲಾಶಯ ತುಂಬಿದಾಗ ನೀರು ಹರಡಿಕೊಳ್ಳುವುದು ಸುಮಾರು 378 ಚದರ ಕಿಲೋಮೀಟರ್. ದಿನಕ್ಕೆ 5 ಮಿಲಿಮೀಟರ್ ಆರಿಹೋದರೂ ಅದು ಸುಮಾರು 770 ಕ್ಯುಸೆಕ್ ಹರಿಯುವ ಕಾಲುವೆಗೆ ಸಮ. ರಾಜ್ಯಗಳ ನಡುವೆ ನೀರು ಹಂಚಿದ ಕೃಷ್ಣಾ ನ್ಯಾಯಮಂಡಳಿಯ ಲೆಕ್ಕದಲ್ಲಿ ತುಂಗಭದ್ರಾ ಜಲಾಶಯದ ಆವಿಗೆಂದೇ ವರ್ಷಕ್ಕೆ 18 ಟಿಎಂಸಿ ತೆಗೆದಿರಿಸಲಾಗಿದೆ. ಅಂದ ಹಾಗೆ, ಇದೇ ವಿಸ್ತೀರ್ಣದ ಲೆಕ್ಕದಿಂದ ಮೇಲಿನ ಒಂದು ಅಡಿ ನೀರು ಎಂದರೆ ಸುಮಾರು 4 ಟಿಎಂಸಿ ಎಂಬುದೂ ಹೊರಬರುತ್ತದೆ. ತಳದ ಒಂದು ಅಡಿಗೂ ಮೇಲಿನ ಒಂದು ಅಡಿಗೂ ಅಜಗಜಾಂತರವಿದೆ. ಮಟ್ಟ ಅರ್ಧಕ್ಕಿಳಿದರೆ ನೀರು ಅರ್ಧ ಉಳಿದಿದೆ ಎಂದುಕೊಳ್ಳುವ ಓದುಗರಿದ್ದಾರೆ, ಅವರಿಗೆ ಇದನ್ನು ಹೇಳಿ.

ಇನ್ನು ನನ್ನ ಮುಖ್ಯ ತಕರಾರು.

ನಿಮ್ಮ ಮಾದರಿಯಲ್ಲಿ ಮಳೆ ಬದಲಾಗುತ್ತದೆ, ಹೊಳೆ ಬದಲಾಗುತ್ತದೆ, ಸಂಗ್ರಹ ಬದಲಾಗುತ್ತದೆ. ಬೇಡಿಕೆ ಮಾತ್ರ ನಿಂತಲ್ಲೇ ನಿಂತಿದೆ. ತಿಂಗಳಿಗೆ ಇಷ್ಟು ಟಿಎಂಸಿ ಎಂದು ಒಂದು ಕಾಲಮ್ ತುಂಬಿಸಿ ಮುಂದೆ ಹೋಗಿದ್ದೀರಿ. ನಾನು ರಾಯಚೂರು ಜಿಲ್ಲೆಯವನು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರು. ರಾತ್ರಿ ಕಂದೀಲು ಹಿಡಿದು ತೂಬಿನ ಹತ್ತಿರ ಕುಳಿತು ನೀರಿಗೆ ಕಾಯುತ್ತಿದ್ದ ಅಪ್ಪನನ್ನು ನೋಡಿ ಬೆಳೆದವನು. ಆದ್ದರಿಂದ ಆ ಕಾಲಮ್ ನನಗೆ ಸಂಖ್ಯೆಗಳ ಸಾಲಾಗಿ ಕಾಣುವುದಿಲ್ಲ. ಈ ಕಾಲುವೆಯ ಅಚ್ಚುಕಟ್ಟಿನ ಬಹುಭಾಗಕ್ಕೆ ಯೋಜನೆ ಹಾಕಿದಾಗ ಲೆಕ್ಕ ಹಿಡಿದದ್ದು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳನ್ನು. ನೀರು ಬಂದ ಮೇಲೆ ಮೇಲ್ಭಾಗದಲ್ಲಿ ಭತ್ತ ಬಂತು. ಭತ್ತ ಬಂದ ಮೇಲೆ ಅಕ್ಕಿ ಗಿರಣಿಗಳು ಬಂದವು. ಗಿರಣಿ ಬಂದ ಮೇಲೆ ಭತ್ತ ಬಿಡುವುದು ಇನ್ನೂ ಕಷ್ಟವಾಯಿತು. ಗಂಗಾವತಿ, ಸಿಂಧನೂರಿನ ಕಡೆ ಗದ್ದೆಗಳಲ್ಲಿ ನೀರು ನಿಂತಿದ್ದಾಗ ಮಾನ್ವಿ, ರಾಯಚೂರಿನ ಕಡೆ ಕಾಲುವೆಯ ತಳ ಬಿರುಕು ಬಿಟ್ಟಿರುತ್ತದೆ. ಅತಿ ನೀರು ನಿಂತ ಹೊಲಗಳಲ್ಲಿ ಸವಳು ಜವಳು ಬಂದು ಭೂಮಿಯೇ ಕೆಟ್ಟದ್ದೂ ಉಂಟು.

ಪರಿಣಾಮವೇ ತಿರುಗಿ ಕಾರಣವಾಗುವ ಇದೇ ಮರುಪರಿಣಾಮ (ಫೀಡ್‌ಬ್ಯಾಕ್). ನೀವು ಅದಕ್ಕೆ ‘ಪ್ರತಿಪುಷ್ಟೀಕರಣ ಆವರ್ತ’ ಎಂಬ ಹೆಸರಿಟ್ಟು ಒಂದು ಬಾಣದ ಚಿತ್ರ ಬರೆದಿದ್ದೀರಿ. ಆದರೆ ಬಾಣದ ಎರಡೂ ತುದಿಗಳಲ್ಲಿ ಏನೂ ಇಲ್ಲ. ಸಂಗ್ರಹ ಚೆನ್ನಾಗಿದೆ ಎಂದು ತಿಳಿದರೆ ನಾಟಿ ಹೆಚ್ಚುತ್ತದೆ, ನಾಟಿ ಹೆಚ್ಚಿದರೆ ಸಂಗ್ರಹ ಕರಗುತ್ತದೆ. ನಡುವೆ ವಿಳಂಬವಿದೆ: ನೆಟ್ಟ ಭತ್ತವನ್ನು ಮುಂದಿನ ವಾರ ನೀರು ಕಡಿಮೆಯೆಂದು ಕಿತ್ತುಹಾಕಲಾಗದು, ಅದು ನಾಲ್ಕು ತಿಂಗಳು ನೀರು ಬೇಡುತ್ತದೆ. ಜುಲೈನ ನಿರ್ಧಾರ ನವೆಂಬರಿನವರೆಗೆ ಬೆನ್ನುಹತ್ತುತ್ತದೆ. ನೀರಾವರಿ ಸಲಹಾ ಸಮಿತಿಯ ಸಭೆ, ಬೇಸಿಗೆ ಬೆಳೆಗೆ ನೀರು ಉಂಟೋ ಇಲ್ಲವೋ ಎಂಬ ಘೋಷಣೆ, ಅದಕ್ಕೂ ಮೊದಲೇ ಸಸಿಮಡಿ ಹಾಕಿಬಿಡುವ ರೈತರು, ಇವರೆಲ್ಲ ಮಾದರಿಯೊಳಗೆ ಬರಬೇಕು. ಮೊದಲು ಒಂದೇ ನಿಯಮ ಸೇರಿಸಿ: ಜುಲೈ ಮಧ್ಯದ ಸಂಗ್ರಹಕ್ಕೆ ತಕ್ಕಂತೆ ಮೇಲ್ಭಾಗದ ಭತ್ತದ ವಿಸ್ತೀರ್ಣ ಏರಿಳಿಯಲಿ. ಅಷ್ಟರಿಂದಲೇ ಕೊನೆ ಭಾಗಕ್ಕೆ ತಲುಪುವ ನೀರಿನ ಗೆರೆ ಹೇಗೆ ಬಾಗುತ್ತದೆ ನೋಡಿ.

ನಮ್ಮ ಕೆರೆಗಳ ನೀರುಗಂಟಿಗಳು ಈ ಕೆಲಸವನ್ನು ತಲೆಯಲ್ಲೇ ಮಾಡುತ್ತಿದ್ದರು. ಮಳೆ ನಿಂತ ಮೇಲೆ ಏರಿಯ ಮೇಲೆ ನಿಂತು, ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡಿ, ಈ ವರ್ಷ ಎಷ್ಟು ಗದ್ದೆಗೆ ತೂಬು ಎತ್ತಬಹುದು ಎಂದು ಹೇಳುತ್ತಿದ್ದರು. ಸಂಗ್ರಹ ನೋಡಿ ಬೇಡಿಕೆಯನ್ನು ಕಟ್ಟುವ ನಿಯಮ ಅದು. ತೂಬು, ಕೋಡಿ, ಏರಿ, ಅಚ್ಚುಕಟ್ಟು, ನೀರುಗಂಟಿ: ನಿಮ್ಮ ತಂತ್ರಾಂಶದ ಪರದೆಯ ಮೇಲಿರುವ ಒಂದೊಂದು ಚಿಹ್ನೆಗೂ ಕನ್ನಡದಲ್ಲಿ ಬಳಕೆಯಲ್ಲಿರುವ ಪದವಿದೆ. ‘ಅತಿಪ್ರವಾಹ ನಿರ್ಗಮ ಘಟಕ’ ಎಂದು ಬರೆಯುವ ಬದಲು ಕೋಡಿ ಎನ್ನಿ. ‘ಗತಿಶೀಲ ಅನುಕರಣಾ ಪ್ರತಿಮಾನ’ ಬೇಡ. ಸಿಮ್ಯುಲೇಷನ್ ಎಂದೋ ಮಾದರಿ ಎಂದೋ ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ.

ಇತಿಹಾಸದ ಮೂರು ಪುಟಗಳನ್ನು ಒಂದು ಪ್ಯಾರಾಕ್ಕೆ ಇಳಿಸಿ. ಅಮೆರಿಕದ ಎಂಜಿನಿಯರ್ ಜೇ ಫಾರೆಸ್ಟರ್ ಅಲ್ಲಿನ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಈ ವಿಧಾನವನ್ನು ಕಟ್ಟಿದ್ದು ನೀರಿಗಾಗಿ ಅಲ್ಲ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಂಟಕಿಯ ಕಾರ್ಖಾನೆಗಳಲ್ಲಿ ನೌಕರರ ಸಂಖ್ಯೆ ಏಕೆ ಏರಿಳಿಯುತ್ತದೆ ಎಂದು ತಿಳಿಯುವುದಕ್ಕೆ ಎಂಬುದು ಇರಲಿ, ಅದು ಸ್ವಾರಸ್ಯಕರವಾಗಿದೆ. ಆದರೆ ಕ್ಲಬ್ ಆಫ್ ರೋಮ್ ಎಂಬ ಅಂತರರಾಷ್ಟ್ರೀಯ ಚಿಂತಕರ ಕೂಟಕ್ಕಾಗಿ 1972ರಲ್ಲಿ ಇದೇ ವಿಧಾನದಿಂದ ಬಂದ ‘ದಿ ಲಿಮಿಟ್ಸ್ ಟು ಗ್ರೋತ್’ ವರದಿ ‘2000ದ ಹೊತ್ತಿಗೆ ಜಗತ್ತು ಕುಸಿಯುತ್ತದೆ ಎಂದು ಭವಿಷ್ಯ ನುಡಿದು ಸುಳ್ಳಾಯಿತು’ ಎಂಬ ನಿಮ್ಮ ವಾಕ್ಯವನ್ನು ತೆಗೆಯಲೇಬೇಕು. ಆ ವರದಿ ಹಾಗೆ ಹೇಳಲಿಲ್ಲ. ಹೀಗೆ ನಡೆದರೆ ಹೀಗಾಗುತ್ತದೆ, ಹಾಗೆ ನಡೆದರೆ ಹಾಗಾಗುತ್ತದೆ ಎಂದು ಹಲವು ಸಾಧ್ಯತೆಗಳನ್ನು ಓಡಿಸಿ ತೋರಿಸಿತು. ಬೆಳವಣಿಗೆ ಇದೇ ದಾರಿಯಲ್ಲಿ ಮುಂದುವರಿದರೆ ನೂರು ವರ್ಷಗಳೊಳಗೆ ಮಿತಿ ಮುಟ್ಟುತ್ತೇವೆ ಎಂದಿತು. ನೀವು ಆ ವರದಿಯನ್ನು ತಪ್ಪಾಗಿ ಓದಿದ್ದಕ್ಕೂ ನಿಮ್ಮ ಶೀರ್ಷಿಕೆಗೂ ಸಂಬಂಧವಿದೆ. ‘ಭವಿಷ್ಯ ನುಡಿಯುವುದು’ ಎಂಬ ಮಾತನ್ನು ಲೇಖನದಿಂದ ಪೂರ್ತಿ ಕಿತ್ತುಹಾಕಿ.

ಅದರ ಜೊತೆಗೇ ‘ಶೇಕಡ 98 ನಿಖರತೆ’ಯನ್ನೂ. ಯಾವ ವರ್ಷಗಳ ಅಂಕಿಗಳಿಗೆ ಮಾದರಿಯನ್ನು ಹೊಂದಿಸಿದಿರೋ ಅವೇ ವರ್ಷಗಳಲ್ಲಿ ಪರೀಕ್ಷಿಸಿದ್ದೀರಿ. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಬರೆಸಿದಂತಾಯಿತು. 2022ರವರೆಗಿನ ಅಂಕಿಗಳಿಗೆ ಹೊಂದಿಸಿ, 2023ರ ಬರದ ವರ್ಷವನ್ನು ಅದಕ್ಕೆ ತೋರಿಸದೆ ಇಟ್ಟುಕೊಂಡು ಪರೀಕ್ಷಿಸಿ. ಬಂದದ್ದನ್ನು ಬಂದ ಹಾಗೆ ಬರೆಯಿರಿ, ತಪ್ಪಿದ್ದರೂ ಪ್ರಕಟಿಸುತ್ತೇನೆ. ಬೇಡಿಕೆಯ ಕಾಲಮ್ ನಿಂತಲ್ಲೇ ನಿಂತಿರುವ ಮಾದರಿ ಬರದ ವರ್ಷದಲ್ಲಿ ದಾರಿ ತಪ್ಪುತ್ತದೆ ಎಂಬುದು ನನ್ನ ಅನಿಸಿಕೆ.

ಬೆಳ್ಳಂದೂರು ಕೆರೆಯ ನೊರೆ, ನೀರಿನಲ್ಲಿ ಕರಗಿದ ಆಮ್ಲಜನಕ, ಇವೆಲ್ಲ ಬೇರೆ ಲೇಖನ. ಒಹಾಯೊ ನದಿಗೆ ಕೊಳಚೆ ಸೇರಿದ ಮೇಲೆ ಆಮ್ಲಜನಕ ಹೇಗೆ ಇಳಿದು ಮತ್ತೆ ಏರುತ್ತದೆ ಎಂದು ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲೇ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಸಮೀಕರಣ ಬರೆದಿದ್ದರು. ಅದನ್ನು ಇಟ್ಟುಕೊಂಡು ಮುಂದೊಮ್ಮೆ ಬರೆಯಿರಿ. ಈ ಲೇಖನಕ್ಕೆ ಅದು ಭಾರ.

ಹಾಗಾದರೆ ಎಲ್ಲಿಂದ ಆರಂಭ? 2024ರ ಆಗಸ್ಟ್ 10ರ ರಾತ್ರಿಯಿಂದ. ಜಲಾಶಯ ತುಂಬಿದೆ. 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ, ಕೂಡಿಟ್ಟ ನೀರನ್ನು ಹೊಳೆಗೆ ಬಿಡಬೇಕಾಯಿತು. ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ, ತಾತ್ಕಾಲಿಕ ಗೇಟು ಕೂರಿಸಿದರು. ಆ ವಾರ ಕೊಪ್ಪಳ, ರಾಯಚೂರು, ಬಳ್ಳಾರಿಯ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: ಇನ್ನು ಮಳೆ ಬಂದು ತುಂಬೀತೇ? ನೀವು ಅದಕ್ಕೆ ಉತ್ತರ ಹುಡುಕಿದ ರೀತಿ ಚೆನ್ನಾಗಿದೆ. ಹಿಂದಿನ ಒಂದೊಂದು ವರ್ಷದ ಆಗಸ್ಟ್ ಮಧ್ಯದಿಂದ ಅಕ್ಟೋಬರಿನವರೆಗಿನ ಒಳಹರಿವನ್ನು ತೆಗೆದುಕೊಂಡು, ಉಳಿದ ನೀರಿನ ಮೇಲೆ ಹರಿಸಿ, ಎಷ್ಟು ವರ್ಷಗಳಲ್ಲಿ ತುಂಬುತ್ತಿತ್ತು ಎಂದು ಎಣಿಸಿದಿರಿ. ಒಂದು ಉತ್ತರದ ಬದಲು ಉತ್ತರಗಳ ಒಂದು ಗೊಂಚಲೇ ಸಿಕ್ಕಿತು. ಮಾಂಟೆ ಕಾರ್ಲೊ ಎಂಬ ಹೆಸರಿನಡಿ ನೀವು ಆರನೇ ಪುಟದಲ್ಲಿ ಸೂತ್ರಗಳಿಂದ ವಿವರಿಸಲು ಹೆಣಗಿದ ಸಂಗತಿ, ಅಂದರೆ ಚೀಟಿ ಎತ್ತಿದಂತೆ ಅಂಕಿಗಳನ್ನು ಬದಲಿಸುತ್ತಾ ಮಾದರಿಯನ್ನು ಮತ್ತೆ ಮತ್ತೆ ಓಡಿಸುವ ವಿಧಾನ, ಇದರ ಹತ್ತಿರದ ನೆಂಟ. ಇಲ್ಲಿ ಅದು ಸೂತ್ರವಿಲ್ಲದೆ ಅರ್ಥವಾಗುತ್ತದೆ, ಏಕೆಂದರೆ ಓದುಗರಿಗೆ ಉತ್ತರ ಬೇಕಾಗಿದೆ. ಆ ವರ್ಷ ಮಳೆ ಕೈಹಿಡಿಯಿತು, ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿತು. ನಿಮ್ಮ ಗೊಂಚಲಿನಲ್ಲಿ ತುಂಬದ ವರ್ಷಗಳೂ ಇದ್ದವು ಎಂದಿದ್ದೀರಿ. ಅವು ಯಾವುವು, ಆ ವರ್ಷ ಬಂದಿದ್ದರೆ ಯಾರ ಗದ್ದೆ ಮೊದಲು ಒಣಗುತ್ತಿತ್ತು ಎಂದು ಬರೆಯಿರಿ.

ಒಟ್ಟು 1,800 ಪದಗಳೊಳಗೆ ಇರಲಿ. ಎರಡು ನಕ್ಷೆ ಸಾಕು: ಒಂದು ಆ ಗೊಂಚಲು, ಇನ್ನೊಂದು ಹೂಳಿನ ಮೊದಲು ಮತ್ತು ನಂತರದ ತುಂಬುವ ದಿನಗಳು. ಪ್ರತಿ ನಕ್ಷೆಯ ಕೆಳಗೆ ಯಾವ ಸರ್ವೆಯ ಸಾಮರ್ಥ್ಯ ಬಳಸಿದ್ದೀರಿ ಎಂದು ಬರೆಯಿರಿ. ಲೇಖನದ ಜೊತೆ ನಿಮ್ಮ ಸ್ಪ್ರೆಡ್‌ಶೀಟನ್ನೂ ಕಳಿಸಿ. ಭತ್ತದ ನಿಯಮ ಸೇರಿಸಿದ ಮೇಲೆ ಎಡದಂಡೆಯ ಕೊನೆಯ ವಿತರಣಾ ಕಾಲುವೆಗೆ ನವೆಂಬರಿನಲ್ಲಿ ಎಷ್ಟು ನೀರು ಬರುತ್ತದೆ ಎಂದು ನಾನೂ ಓಡಿಸಿ ನೋಡಬೇಕಾಗಿದೆ.

ಇಂತಿ,
ಸಂಪಾದಕ