ಆಣೆಯ ಬಗ್ಗೆ, ನೀನು ಹೊರಡುವ ಮುನ್ನ

ತಮ್ಮಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಹೆಂಡತಿಗೆ ಕೆನಡಾದ ಸರ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಇಬ್ಬರೂ ಹೊರಡುತ್ತೀರಿ. ಕುಡಿತ ಬಿಟ್ಟು ಐದು ವರ್ಷವಾಗಿದೆ, ಶನಿವಾರಸಂತೆಯಲ್ಲಿ ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಯಲ್ಲಿ ಬೇರೆಯವರಿಗೆ ಜೊತೆಯಾಗಿದ್ದೀಯೆ. ಇಲ್ಲಿಯೂ ಆ ಕೆಲಸ ಮಾಡಬಹುದೇ, ಹಳೆಯದನ್ನು ಮುಚ್ಚಿಡಬೇಕೇ, ಬದುಕು ಹೇಗಿರುತ್ತದೆ ಎಂದು ಕೇಳಿದ್ದೀಯೆ.

ಮುಚ್ಚಿಡಬೇಡ. ಚಟದಿಂದ ಹೊರಬಂದವನು, ಹೊರಬರಲು ಹೆಣಗುತ್ತಿರುವವನ ಪಕ್ಕದಲ್ಲಿ ನಿಲ್ಲುವುದಕ್ಕೆ ಇಲ್ಲಿ ಪೀರ್ ಸಪೋರ್ಟ್ ಎನ್ನುತ್ತಾರೆ. ಅದು ಸಂಬಳದ ಕೆಲಸ. ಹೆಣ್ಣು ಕೇಳಲು ಹೋದಾಗ ನೆಂಟರು ಮಾತು ಮರೆಸಿ ದಾಟಿಸಿದ ಆ ವರ್ಷಗಳನ್ನೇ ಇಲ್ಲಿ ಅರ್ಜಿಯಲ್ಲಿ ಅನುಭವವೆಂದು ಬರೆಯುತ್ತೀಯೆ. ಪೊಲೀಸ್ ದಾಖಲೆಯ ಪರಿಶೀಲನೆ, ತರಬೇತಿ ಎಲ್ಲ ಇರುತ್ತದೆ. ಕೆಲಸದ ಪರವಾನಗಿ ಕೈಗೆ ಬಂದ ಕೂಡಲೇ ಅದರ ಕೆಳಗೆ ಮುದ್ರಿಸಿರುವ ಷರತ್ತುಗಳನ್ನು ಓದು. ವೈದ್ಯಕೀಯ ತಪಾಸಣೆ ಆಗಿಲ್ಲದವರಿಗೆ ಆರೋಗ್ಯ ಸೇವೆಯಲ್ಲಿ ದುಡಿಯಬಾರದು ಎಂಬ ಸಾಲು ಅಲ್ಲಿರಬಹುದು. ಅರ್ಜಿ ಹಾಕುವಾಗಲೇ ತಪಾಸಣೆ ಮುಗಿಸಿಕೊಂಡರೆ ತಿಂಗಳುಗಟ್ಟಲೆ ಅಲೆದಾಟ ತಪ್ಪುತ್ತದೆ.

ಈಗ ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಆಣೆಯ ಬಗ್ಗೆ.

ನಾನು ಸುಂಟಿಕೊಪ್ಪದ ಬಳಿ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಬಟವಾಡೆಯ ದಿನ ಲೈನ್ ಮನೆಯವರಿಗೆ ಸಂಬಳ ಎಣಿಸಿ ಕೊಟ್ಟು, ಅವರಿಗಿಂತ ಮೊದಲು ನಾನೇ ಮದ್ಯದಂಗಡಿಯ ಮುಂದೆ ಇರುತ್ತಿದ್ದೆ. ಧರ್ಮಸ್ಥಳದ ಯೋಜನೆಯವರ ಮದ್ಯವರ್ಜನ ಶಿಬಿರ ನನ್ನನ್ನು ಬದುಕಿಸಿತು. ಎಂಟನೆಯ ದಿನ ದೇವರ ಮುಂದೆ, ಹೆಂಡತಿಯ ಮುಂದೆ ಆಣೆ ಮಾಡಿದೆ. ಆ ಆಣೆ ಇಂದಿಗೂ ನನ್ನನ್ನು ಹಿಡಿದು ನಿಲ್ಲಿಸಿದೆ. ನಿನ್ನ ಕಥೆಯೂ ಹೆಚ್ಚು ಕಡಿಮೆ ಇದೇ ಇರಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಪಂಜಾಬಿ ಹುಡುಗನ ಜೊತೆಯಾದೆ. ಮನೆ ಕಟ್ಟುವ ಮರಗೆಲಸದವನು. ಬೆನ್ನುನೋವಿನ ಮಾತ್ರೆಯಿಂದ ಆರಂಭವಾಗಿ ಬೀದಿಯ ಪುಡಿಯವರೆಗೆ ಹೋಗಿದ್ದ. ಒಂದು ಸಂಜೆ ಅವನು ಅತ್ತಾಗ, ನಮ್ಮ ಊರಿನ ರೀತಿಯಲ್ಲಿ, ತಾಯಿಯ ಮೇಲೆ ಆಣೆ ಮಾಡು ಎಂದೆ. ಮಾಡಿದ. ಮೂರು ವಾರ ಫೋನ್ ಎತ್ತಲಿಲ್ಲ. ನಾಲ್ಕನೆಯ ವಾರ ಬಚ್ಚಲುಮನೆಯಲ್ಲಿ ಬಿದ್ದಿದ್ದವನನ್ನು ಜೊತೆಯಲ್ಲಿದ್ದವನು ಬಾಗಿಲು ಒಡೆದು ಹೊರಗೆಳೆದ, ಮಾದಕ ಮಿತಿಮೀರಿ ನಿಂತ ಉಸಿರನ್ನು ಮರಳಿಸುವ ನ್ಯಾಲೊಕ್ಸೋನ್ ಎಂಬ ಔಷಧ ಚುಚ್ಚಿ ಉಳಿಸಿದ. ಆಸ್ಪತ್ರೆಯಲ್ಲಿ ಹುಡುಗ ಹೇಳಿದ: "ಆಣೆ ಮುರಿದಿದ್ದೆ, ನಿಮಗೆ ಯಾವ ಮುಖ ಇಟ್ಟುಕೊಂಡು ಫೋನ್ ಮಾಡಲಿ?"

ಅವನು ಒಬ್ಬನೇ ಬಾಗಿಲು ಹಾಕಿಕೊಂಡದ್ದು ನನ್ನಿಂದ. ಆ ಮಾತು ನನ್ನನ್ನು ಎಷ್ಟೋ ರಾತ್ರಿ ಮಲಗಲು ಬಿಡಲಿಲ್ಲ.

ಊರಿನಲ್ಲಿ ಮತ್ತೆ ಕುಡಿತಕ್ಕೆ ಜಾರಿದವನು ಮರುದಿನ ತಲೆ ತಗ್ಗಿಸಿಕೊಂಡು ಸಮಿತಿಯ ಬಾಗಿಲಿಗೆ ಬರುತ್ತಾನೆ. ಇಲ್ಲಿ ಜಾರಿದವನಿಗೆ ಮರುದಿನ ಎಂಬುದೇ ಇಲ್ಲದಿರಬಹುದು. ಬೀದಿಯಲ್ಲಿ ಸಿಗುವುದರಲ್ಲಿ ಹೆಚ್ಚಾಗಿ ಫೆಂಟನಿಲ್ ಎಂಬ ಅತಿ ತೀವ್ರವಾದ ಮಾದಕ ಬೆರೆತಿರುತ್ತದೆ, ಎಷ್ಟು ಎಂದು ಕೊಂಡವನಿಗೂ ತಿಳಿಯದು. ಕೆಲವು ವಾರ ಬಿಟ್ಟಿದ್ದವನ ದೇಹ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಚಿಕಿತ್ಸೆ ಮುಗಿಸಿ ಬಂದ, ಜೈಲಿನಿಂದ ಬಿಡುಗಡೆಯಾದ ಮೊದಲ ದಿನಗಳೇ ಹೆಚ್ಚು ಅಪಾಯ. ಈ ಪ್ರಾಂತ್ಯ, ಬ್ರಿಟಿಷ್ ಕೊಲಂಬಿಯಾ, 2016ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಸಾರಿತು. 2023 ಒಂದೇ ವರ್ಷದಲ್ಲಿ 2,500ಕ್ಕೂ ಹೆಚ್ಚು ಜನ ಇಂತಹ ಬೀದಿಯ ಮಾದಕದಿಂದ ಸತ್ತರು. ನಾಚಿಕೆಯಿಂದ ಒಬ್ಬನೇ ಕೋಣೆ ಸೇರುವವನು ಇಂತಹ ಕಡೆ ಬದುಕುವುದು ಕಷ್ಟ. ಆದ್ದರಿಂದ ನಿನ್ನ ಆಣೆಯನ್ನು ಎದೆಯಲ್ಲಿ ಭದ್ರವಾಗಿಟ್ಟುಕೊ, ಇನ್ನೊಬ್ಬನ ಕೈಗೆ ಕೊಡಬೇಡ. ಜಾರಿದ ರಾತ್ರಿಯೂ ಅವನು ಫೋನ್ ಮಾಡಲು ಹೆದರದಂತಹ ಮನುಷ್ಯ ನೀನಾಗಬೇಕು.

ಇನ್ನೊಂದು ವಿಷಯ ನಿನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ನನಗೂ ಸಿಕ್ಕಿತ್ತು. ಇಲ್ಲಿ ಹಲವರು ಅಫೀಮಿನ ಜಾತಿಯ ಮಾದಕದ ಸೆಳೆತ ತಡೆಯುವ ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಎಂಬ ಔಷಧವನ್ನು ವೈದ್ಯರ ಸಲಹೆಯಂತೆ ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ಒಂದು ಚಟ ಬಿಟ್ಟು ಇನ್ನೊಂದು ಹಿಡಿದರಲ್ಲ ಎಂದು ಅನ್ನಿಸುತ್ತದೆ. ಹಾಗೆ ಅವರ ಮುಂದೆ ಒಂದು ಸಲವೂ ಹೇಳಬೇಡ. ಅವರು ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾರೆ, ಮಕ್ಕಳನ್ನು ಶಾಲೆಗೆ ಬಿಡುತ್ತಾರೆ, ಬದುಕಿದ್ದಾರೆ. ಹಾಗೆಯೇ, ವರ್ಷಗಟ್ಟಲೆ ದಿನವಿಡೀ ಕುಡಿದವನಿಗೆ ಇಂದೇ ನಿಲ್ಲಿಸು ಎನ್ನಬೇಡ. ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ಅವನನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗುವುದೇ ನಿನ್ನ ಕೆಲಸ. ಬಸ್ಸಿನಲ್ಲಿ ಪಕ್ಕದಲ್ಲಿ ಕೂರುವುದು, ಅರ್ಜಿ ತುಂಬುವುದು, ಸರದಿಯಲ್ಲಿ ನಿಲ್ಲುವುದು, ಏನೂ ಮಾತಿಲ್ಲದೆ ಒಂದು ಗಂಟೆ ಕಳೆಯುವುದು. ದಿನದ ಬಹುಪಾಲು ಇದೇ.

ಅಂದಹಾಗೆ, 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ಶಸ್ತ್ರವೈದ್ಯನೂ, ಇಬ್ಬರೂ ಕುಡುಕರು, ಎದುರುಬದುರು ಕೂತು ಮಾತನಾಡಿದ್ದರಿಂದಲೇ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ನಮ್ಮ ಸಮಿತಿಯ ಬೆಂಚಿನ ಮೇಲೆ ನೀನು ಮಾಡುತ್ತಿರುವುದೂ ಅದೇ. ಏನೂ ಗೊತ್ತಿಲ್ಲದವನಂತೆ ಬರಬೇಡ. ಸಮಿತಿಯಲ್ಲಿ ಎಷ್ಟು ವರ್ಷ, ಏನೇನು ಮಾಡಿದೆ ಎಂದು ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಂಡು ಬಾ.

ಆದರೆ ಬಂದ ಮೊದಲ ಆರು ತಿಂಗಳು ಈ ಕೆಲಸಕ್ಕೆ ಸೇರಬೇಡ. ಉಗ್ರಾಣವೋ ಅಂಗಡಿಯೋ, ಬೇರೆ ಯಾವುದಾದರೂ ಸಾಕು. ಇಲ್ಲಿನ ಮಳೆ ಕೊಡಗಿನ ಆಷಾಢದ ಹಾಗೆ ಅಬ್ಬರಿಸುವುದಿಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಸುಮ್ಮನೆ ಜಿನುಗುತ್ತಲೇ ಇರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕೂ ಕಾಲಿಗೆ ಸೂರ್ಯ ಮುಳುಗುತ್ತಾನೆ. ಹೆಂಡತಿ ರಾತ್ರಿ ಪಾಳಿಗೆ ಹೋಗಿರುತ್ತಾಳೆ, ಊರಿನಲ್ಲಿ ಹುತ್ತರಿಯ ಫೋಟೋಗಳು ಮೊಬೈಲಿಗೆ ಬರುತ್ತವೆ, ಮದ್ಯದಂಗಡಿ ರಸ್ತೆಯ ಆಚೆ ಇರುತ್ತದೆ. ನಾನು ಆ ರಸ್ತೆ ದಾಟದೆ ನಿಂತ ಸಂಜೆಗಳನ್ನು ಎಣಿಸಿದ್ದೇನೆ. ನಮ್ಮ ಕಡೆಯವರು ಪ್ರೀತಿಯಿಂದ ಊಟಕ್ಕೆ ಕರೆಯುತ್ತಾರೆ, ಪ್ರೀತಿಯಿಂದಲೇ ಗ್ಲಾಸನ್ನೂ ಚಾಚುತ್ತಾರೆ. ಬಾಗಿಲಲ್ಲೇ ಹೇಳಿಬಿಡು: ನಾನು ಕುಡಿಯುವುದಿಲ್ಲ, ಕಾಫಿ ಕೊಡಿ. ಎರಡನೆಯ ಸಲ ಯಾರೂ ಕೇಳುವುದಿಲ್ಲ.

ಬುಧವಾರ ನನಗೆ ರಜೆ. ನೀವು ಬಂದಿಳಿದ ವಾರದ ಬುಧವಾರವೇ ಫೋನ್ ಮಾಡು. ಮೊದಲು ಔಷಧದಂಗಡಿಗೆ ಹೋಗಿ ನಿನಗೊಂದು ನ್ಯಾಲೊಕ್ಸೋನ್ ಪೆಟ್ಟಿಗೆ ತೆಗೆದುಕೊಳ್ಳೋಣ, ಅದಕ್ಕೆ ದುಡ್ಡು ಕೇಳುವುದಿಲ್ಲ. ಬಳಸುವುದನ್ನು ನಮ್ಮ ಮನೆಯ ಮೇಜಿನ ಮೇಲೆ ತೋರಿಸಿಕೊಡುತ್ತೇನೆ. ಸಂಜೆ ನಾನು ಹೋಗುವ ಸಭೆಗೆ ನೀನೂ ಬಾ. ಆ ಹುಡುಗನೂ ಅಲ್ಲಿ ಬರುತ್ತಾನೆ. ಈಗ ಕುರ್ಚಿ ಜೋಡಿಸುವುದು, ಚಹಾ ಕಾಯಿಸುವುದು ಅವನೇ.